ತಟ್ಟೆಗಳಿವೆ, ಉಂಡವರಿಲ್ಲ

ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿರುವುದು ಮೂಲತಃ ಒಂದು ಮನೆತನದ ಸಾಮಾನು. 1912ರಿಂದ 1914ರವರೆಗೆ ನಿಜಾಮರ ದಿವಾನರಾಗಿದ್ದ ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನರು ಹಿರಿಯರ ಸಂಗ್ರಹಕ್ಕೆ ಬದುಕಿನುದ್ದಕ್ಕೂ ಕೂಡಿಸುತ್ತಲೇ ಹೋದರು. ಅವಿವಾಹಿತರಾಗಿದ್ದ ಅವರು 1949ರಲ್ಲಿ ತೀರಿಕೊಂಡಾಗ ನೇರ ವಾರಸುದಾರರು ಇರಲಿಲ್ಲ. 1951ರ ಡಿಸೆಂಬರಿನಲ್ಲಿ ಅವರ ನಿವಾಸ ದಿವಾನ್ ದೇವಡಿಯಲ್ಲೇ ಸಂಗ್ರಹವು ಸಾರ್ವಜನಿಕರಿಗೆ ತೆರೆಯಿತು. 1961ರ ಕಾಯಿದೆ ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಸಾರಿತು. 1968ರಲ್ಲಿ ಮೂಸಿ ದಂಡೆಯ ಈಗಿನ ಕಟ್ಟಡಕ್ಕೆ ಬಂದಿತು. ಒಂದು ಮನೆ ಮುಗಿದಾಗ ಅದರ ಪಾತ್ರೆಪಡಗಗಳು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ಅದೊಂದು ಭವ್ಯವಾದ ಉತ್ತರ.

ಅದೇ ಪ್ರಶ್ನೆಯ ಸಣ್ಣ ರೂಪವೊಂದು ನಮ್ಮಲ್ಲಿಯೂ ಇತ್ತು. ಬೀದರಿನ ಮನೆ ಮಾರಿದ ಮೇಲೆ ಅವ್ವ ಮಿಯಾಪುರದ ನಮ್ಮ ಫ್ಲ್ಯಾಟಿಗೆ ಬಂದಿದ್ದಳು. ಜೊತೆಗೆ ತಂದದ್ದು ಕತ್ತಿನವರೆಗೆ ಕಂದು, ಕೆಳಗೆ ಕೆನೆಬಣ್ಣದ ಒಂದು ಉಪ್ಪಿನಕಾಯಿ ಭರಣಿ. ಅದನ್ನು ತೊಳೆದು ಹಜಾರದ ಷೋಕೇಸಿನಲ್ಲಿಡಬೇಕೆಂಬುದು ನಮ್ಮ ಆಸೆ. ತನಗೆ ಬೇಕೆಂದು ಹುಮನಾಬಾದಿನ ತಂಗಿಯ ಬೇಡಿಕೆ. ಅವ್ವ ಏನನ್ನೂ ಹೇಳಿರಲಿಲ್ಲ. ಆ ದಿನಗಳಲ್ಲೇ ಒಂದು ಶನಿವಾರ ಅವ್ವ, ಮಗಳು, ನಾವು ಮಿಯಾಪುರದಲ್ಲಿ ಮೆಟ್ರೊ ಹತ್ತಿ ಮಹಾತ್ಮಾ ಗಾಂಧಿ ಬಸ್ ನಿಲ್ದಾಣದ ಬಳಿ ಇಳಿದು, ಆಟೋದಲ್ಲಿ ಅಲ್ಲಿಗೆ ಹೋದೆವು.

ಪಿಂಗಾಣಿಯ ಕೋಣೆಗಳು ಶ್ರೀಮಂತ. ಚೀನದ ನೀಲಿ-ಬಿಳಿ ಪಾತ್ರೆಗಳ ನೀಲಿ ಮೇಲಿನಿಂದ ಬಳಿದದ್ದಲ್ಲ. ಸುಡದ ಮಣ್ಣಿನ ಮೇಲೆ ಕೋಬಾಲ್ಟಿನಿಂದ ಚಿತ್ರ ಬರೆದು, ಮೆರುಗು ಹೊದಿಸಿ, ಸುಮಾರು 1300 ಡಿಗ್ರಿ ಬೆಂಕಿಯಲ್ಲಿ ಬೇಯಿಸಿದಾಗ ಅದು ಒಳಗಿನಿಂದ ಅರಳುತ್ತದೆ. ಗಟ್ಟಿ ಪಿಂಗಾಣಿಯ ಈ ಗುಟ್ಟು ಯುರೋಪಿಗೆ ದಕ್ಕಲು ಹದಿನೆಂಟನೆಯ ಶತಮಾನ ಬರಬೇಕಾಯಿತು; ಜರ್ಮನಿಯ ಮೈಸೆನ್ ಕಾರ್ಖಾನೆ ಹುಟ್ಟಿದ್ದು 1710ರಲ್ಲಿ. 1788ರಲ್ಲಿ ಫ್ರಾನ್ಸಿನ ದೊರೆಯನ್ನು ಕಂಡ ಟಿಪ್ಪುವಿನ ರಾಯಭಾರಿಗಳಿಗೆ ಸಿಕ್ಕ ಕಾಣಿಕೆಯೂ ಸೆವ್ರ್ ಪಿಂಗಾಣಿಯೇ.

ಅವ್ವ ನಿಂತದ್ದು ತಿಳಿಹಸಿರು ಬಣ್ಣದ ಸೆಲಡಾನ್ ತಟ್ಟೆಗಳ ಮುಂದೆ. ಮೆರುಗಿನಲ್ಲಿರುವ ಕಬ್ಬಿಣದ ಸ್ವಲ್ಪಾಂಶವೇ ಆ ಹಸಿರಿಗೆ ಕಾರಣ. ನಮ್ಮ ಕಡೆ ಇವನ್ನು ಘೋರಿ ಎನ್ನುತ್ತಿದ್ದರು; ವಿಷ ಬೆರೆತ ಅಡುಗೆ ಬಡಿಸಿದರೆ ತಟ್ಟೆ ಬಿರಿಯುತ್ತದೆಂಬ ನಂಬಿಕೆಯಿತ್ತು. ಅದನ್ನು ವಿವರಿಸಿದೆವು.

“ಹಂಗಾದ್ರ ಇದರಾಗ ಯಾರೂ ವಿಷ ಇಟ್ಟಿಲ್ಲ ಬಿಡು,” ಎಂದಳು ಅವ್ವ. “ಆದ್ರ ಯಾರು ಉಂಡಾರ? ಅದು ಎಲ್ಲೂ ಬರದಿಲ್ಲಲ್ಲ?”

ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಗ್ರೀಕ್ ಕಲಶವನ್ನು ಕುರಿತ ಕೀಟ್ಸನ ಕವಿತೆಯನ್ನು ನಾವು ವಾರಗಟ್ಟಲೆ ಓದಿದ್ದುಂಟು. ಕಲಶದ ಮೇಲಿನ ಚಿತ್ರದಲ್ಲಿರುವವರು ಯಾರೆಂದು ಕವಿ ಮತ್ತೆ ಮತ್ತೆ ಕೇಳುತ್ತಾನೆ; ಅದರೊಳಗೆ ಏನು ತುಂಬುತ್ತಿದ್ದರೆಂದು ಕೇಳುವುದಿಲ್ಲ. ಆ ಪ್ರಶ್ನೆಗೆ, ಪ್ರಾಯಶಃ, ಅಡುಗೆಮನೆಯಲ್ಲಿ ಆಯುಷ್ಯ ಕಳೆದವರೇ ಬೇಕು.

ಉತ್ತರದ ಎಳೆ ಸಿಕ್ಕಿದ್ದು ಕಿರುವರ್ಣಚಿತ್ರಗಳ ಕೋಣೆಯಲ್ಲಿ. ಅಂಗೈಯಗಲದ ಹಾಳೆಗಳು, ಕೂದಲೆಳೆಯ ಗೆರೆಗಳು. ಇಂಥ ಎಷ್ಟೋ ಚಿತ್ರಗಳನ್ನು ಬರೆದದ್ದು ಗೋಡೆಗಲ್ಲ, ಹೊತ್ತಗೆಗೆ. ಕೈಯಲ್ಲಿ ಹಿಡಿದು ಪುಟ ತಿರುವಿ ನೋಡುವುದಕ್ಕೆ. ಬರೆದವರ ಹೆಸರು ಬಹಳ ಕಡೆ ಇಲ್ಲ. ನಾವು ಉಡುಪು, ಮುಖ, ಮರಗಿಡಗಳನ್ನು ನೋಡುತ್ತಿದ್ದರೆ ಮಗಳು ಮೂಲೆಗಳನ್ನು ನೋಡುತ್ತಿದ್ದಳು. “ಅಜ್ಜಿ, ಇಲ್ಲಿ ನೋಡು,” ಎಂದು ಕರೆದಳು. ಕುಳಿತ ದೊರೆಯ ಪಕ್ಕದಲ್ಲಿ ಹೂಜಿ, ಬಟ್ಟಲು, ತಬಕು. ಒಬ್ಬಳು ಬಟ್ಟಲನ್ನು ನೀಡುತ್ತಿದ್ದಾಳೆ. ಒಂದು ಕೈ ಅದಕ್ಕೆ ಚಾಚಿದೆ.

ಅಲ್ಲಿ ಪಾತ್ರೆಗಳಿದ್ದವು, ಜನರಿರಲಿಲ್ಲ. ಇಲ್ಲಿ ಪಾತ್ರೆಯ ಜೊತೆಗೆ ಹಿಡಿದ ಕೈಯೂ ಇತ್ತು. ಗಾಜಿನ ಕಪಾಟು ವಸ್ತುವನ್ನು ಒಡೆಯದಂತೆ ಕಾಯುತ್ತದೆ, ಬಳಕೆಯನ್ನು ಕಾಯಲಾರದು. ಬಳಕೆಯನ್ನು ಉಳಿಸುವುದು ಚಿತ್ರ, ಇಲ್ಲವೇ ಬಳಸುವುದೇ. ಪಿಂಗಾಣಿ ನೋಡಲು ಹೋಗುವವರು ಚಿತ್ರಗಳನ್ನೂ ಅದೇ ದಿನ ನೋಡಿದರೆ ಒಳ್ಳೆಯದು. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಹಿಂದಿರುಗುವಾಗ ರೈಲಿನಲ್ಲಿ ಅವ್ವ ತಾನಾಗಿಯೇ ಹೇಳಿದಳು: “ಭರಣಿ ತಂಗಿಗೆ ಕೊಡು. ಅಕಿ ವರ್ಷಾ ಕಾಯಿ ಹಾಕ್ತಾಳ.” ಷೋಕೇಸಿನ ಮಾತನ್ನು ನಾವು ಎತ್ತಲಿಲ್ಲ.

ಕೊಡುವ ಮುನ್ನ ಮಗಳು ಅದರ ಚಿತ್ರ ಬರೆದಳು. ಬಾಯಂಚಿನ ಮುಕ್ಕು, ಮೆರುಗಿನ ಸಣ್ಣ ಬಿರುಕುಗಳು, ಎಲ್ಲವೂ ಇವೆ. ಮುಚ್ಚಳಕ್ಕೆ ಬಟ್ಟೆ ಬಿಗಿಯುತ್ತಿರುವ ಅಜ್ಜಿಯ ಎರಡು ಕೈಗಳೂ ಇವೆ.