ಬೇಗ ಕತ್ತಲಾಗುವ ತಿಂಗಳಲ್ಲಿ

ನ್ಯೂಜಿಲೆಂಡಿನ ದಕ್ಷಿಣ ದ್ವೀಪಕ್ಕೆ ಹೋಗುವುದಾದರೆ ಡಿಸೆಂಬರಿನಲ್ಲೇ ಹೋಗಿ ಎಂದು ಎಲ್ಲರೂ ಹೇಳಿದರು. ಆಗ ಅಲ್ಲಿ ನಡುಬೇಸಿಗೆ, ರಾತ್ರಿ ಒಂಬತ್ತಾದರೂ ಹೊತ್ತು ಮುಳುಗುವುದಿಲ್ಲ, ಎಷ್ಟು ಬೇಕಾದರೂ ತಿರುಗಬಹುದು. ಮೂರು ವರ್ಷದ ಮಗ, ಆರು ವರ್ಷದ ಮಗಳನ್ನು ಕಟ್ಟಿಕೊಂಡು ಹೊರಡುವವರಿಗೆ ಈ ಲೆಕ್ಕ ತಿರುಗುಮುರುಗು. ಎಂಟು ಗಂಟೆಗೆ ತೂಕಡಿಸುವ ಹುಡುಗನಿಗೆ ಅಲ್ಲಿನ ನಕ್ಷತ್ರ ತೋರಿಸಬೇಕೆಂದರೆ ಹನ್ನೊಂದರವರೆಗೆ ಎಚ್ಚರವಾಗಿ ಕೂರಿಸಬೇಕು. ಕತ್ತಲು ಕವಿದ ಮೇಲೇ ದಡ ಹತ್ತುವ ಪೆಂಗ್ವಿನ್‌ಗಳದ್ದೂ ಅದೇ ಕತೆ. ನಮ್ಮ ಶಾಲೆಗಳಿಗೆ ಬೇಸಿಗೆ ರಜೆ ಸಿಗುವ ಏಪ್ರಿಲ್ ಅಲ್ಲಿ ಶರತ್ಕಾಲ. ಆ ತಿಂಗಳ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ತಿಂಗಳ ನಡುವಿನ ಹೊತ್ತಿಗೆ ಸಂಜೆ ಆರಕ್ಕೆಲ್ಲ ಸೂರ್ಯ ಮುಳುಗಿ, ಏಳೂವರೆಗೆ ಕಗ್ಗತ್ತಲು. ಚಳಿಗೆ ಸ್ವೆಟರ್ ಇದೆಯಲ್ಲ ಎಂದುಕೊಂಡು ಏಪ್ರಿಲ್‌ಗೇ ಟಿಕೆಟ್ ತೆಗೆಸಿದೆವು.

ಆಮೇಲೆ ಗಾಡಿಯ ಚಿಂತೆ. ‘ಆರು ಜನ ಮಲಗಬಹುದು’ ಎಂದು ಬರೆದ ಮೋಟರ್‌ಹೋಮ್ ನೋಡಿ ಹಿಗ್ಗಬಾರದು. ನಮಗೆ ಬೇಕಾದದ್ದು ಮಲಗುವ ಲೆಕ್ಕವಲ್ಲ, ಕೂರುವ ಲೆಕ್ಕ. ಏಳು ವರ್ಷದೊಳಗಿನ ಮಕ್ಕಳು ಅಲ್ಲಿ ಕಡ್ಡಾಯವಾಗಿ ಚೈಲ್ಡ್ ಸೀಟಿನಲ್ಲೇ ಕೂರಬೇಕು. ಆ ಸೀಟಿನ ಮೇಲ್ಪಟ್ಟಿಯನ್ನು ಬಿಗಿಯಲು ಗಾಡಿಯ ಮೈಗೆ ಕೊಂಡಿ ಇರಬೇಕು. ಬೆಲ್ಟ್ ಇರುವ ಎಲ್ಲ ಆಸನಗಳಿಗೂ ಅದು ಇರುವುದಿಲ್ಲ. ಬಾಡಿಗೆಯವರಿಂದ ಕೊಂಡಿಗಳ ಫೋಟೋ ತರಿಸಿಕೊಂಡ ಮೇಲೆಯೇ ಮುಂಗಡ ಕಟ್ಟಿದೆ. ಅವರಿಗೆ ನನ್ನ ಮೇಲೆ ಕೊಂಚ ಬೇಸರ ಬಂದಿರಲಿಕ್ಕೂ ಸಾಕು. ಉಳಿದದ್ದು ಸಲೀಸು. ಅಲ್ಲೂ ರಸ್ತೆಯ ಎಡಕ್ಕೇ ಓಡಿಸುವುದು, ಇಂಗ್ಲಿಷಿನಲ್ಲಿ ಅಚ್ಚಾದ ನಮ್ಮ ಲೈಸೆನ್ಸೂ ನಡೆಯುತ್ತದೆ.

ಸಾಮಾನು ಕಟ್ಟುವಾಗ ಮಾತ್ರ ಅತ್ತೆಗೂ ನನಗೂ ಸಣ್ಣ ಜಟಾಪಟಿ. ಮೊಮ್ಮಕ್ಕಳಿಗೆಂದು ಅವರು ಕೊಡಗಿನ ಜೇನುತುಪ್ಪದ ಬಾಟಲಿ ತಂದಿಟ್ಟಿದ್ದರು. ಆ ದೇಶಕ್ಕೆ ಜೇನು ಒಯ್ಯುವಂತಿಲ್ಲ. ಜೇನುಹುಳುಗಳ ರೋಗ ತಮ್ಮಲ್ಲಿಗೆ ಬರಬಾರದೆಂಬ ಕಟ್ಟೆಚ್ಚರ. ತಿನ್ನುವ ಯಾವ ವಸ್ತುವಿದ್ದರೂ ಇಳಿಯುವಾಗ ತೋರಿಸಬೇಕು, ಮುಚ್ಚಿಟ್ಟು ಸಿಕ್ಕಿಬಿದ್ದರೆ ನಿಂತಲ್ಲೇ 400 ಡಾಲರ್ ದಂಡ. ಬೀಜ ಅನ್ನಿಸುವುದನ್ನೆಲ್ಲ ಮನೆಯಲ್ಲೇ ಬಿಟ್ಟೆವು. ಚಪ್ಪಲಿ, ಬೂಟುಗಳ ಅಡಿಗೆ ಹತ್ತಿದ ಮಣ್ಣನ್ನೂ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೆಗೆದೆವು. ಕ್ರೈಸ್ಟ್‌ಚರ್ಚ್ ವಿಮಾನ ನಿಲ್ದಾಣದಲ್ಲಿ ಅಧಿಕಾರಿಣಿ ಚಟ್ನಿಪುಡಿ, ಹುಳಿಪುಡಿಯ ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡಿ, ಒಂದು ಸೀನು ಸೀನಿ, ನಕ್ಕು ಕಳಿಸಿದಳು.

ರಾತ್ರಿಯೆಲ್ಲ ವಿಮಾನದಲ್ಲಿ ಕೂತು ಬಂದವರು ಅಂದೇ ಸ್ಟೇರಿಂಗ್ ಹಿಡಿಯಬಾರದು. ಒಂದು ರಾತ್ರಿ ಊರಲ್ಲೇ ನಿದ್ದೆ ತೀರಿಸಿಕೊಂಡು ಗಾಡಿ ಪಡೆದೆವು. ಒಳಗೆ ಕಾಲಿಟ್ಟ ಮಕ್ಕಳ ಬಾಯಿ ಮುಚ್ಚಲೇ ಇಲ್ಲ. ಮೇಜು ಮಡಚಿದರೆ ಮಂಚ, ಮೆಟ್ಟಿಲಿನೊಳಗೆ ಚಪ್ಪಲಿ ಗೂಡು, ಡ್ರೈವರ್ ತಲೆಯ ಮೇಲೆ ಮಲಗುವ ಅಟ್ಟ. ನನ್ನ ಕಣ್ಣು ಮಾತ್ರ ಬಾಗಿಲ ಪಕ್ಕದ ಪುಟ್ಟ ಫಲಕದಲ್ಲಿ ನೆಟ್ಟಿತು. ಒಳ್ಳೆಯ ನೀರು ಎಷ್ಟಿದೆ, ಬಚ್ಚಲ ನೀರು ಎಷ್ಟು ತುಂಬಿದೆ, ಬ್ಯಾಟರಿ ಎಷ್ಟು ಉಳಿದಿದೆ ಎಂದು ಸಾಲುದೀಪಗಳಲ್ಲಿ ತೋರಿಸುವ ಫಲಕ ಅದು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ನಮ್ಮ ಮಕ್ಕಳು ಕಂಡವರಲ್ಲ. ಟ್ಯಾಂಕರ್ ಬಂದಾಗ ಕಿಟಕಿಯಿಂದ ಕೈಬೀಸುವುದಷ್ಟೇ ಅವರಿಗೆ ಗೊತ್ತಿದ್ದ ಜಲಶಾಸ್ತ್ರ. ಇಲ್ಲಿ ಹಲ್ಲುಜ್ಜುವಾಗ ನಲ್ಲಿ ಬಿಟ್ಟುಕೊಂಡರೆ ಒಂದು ದೀಪ ಆರುತ್ತದೆ, ಇನ್ನೊಂದು ಹೊತ್ತುತ್ತದೆ. ಎರಡೇ ದಿನದಲ್ಲಿ ಮಗಳು ತನ್ನನ್ನು ತಾನೇ ನೀರಿನ ಮಂತ್ರಿಯಾಗಿ ನೇಮಿಸಿಕೊಂಡು, ಅಪ್ಪ ಪಾತ್ರೆ ತೊಳೆಯುವಾಗ ಬೆನ್ನ ಹಿಂದೆ ನಿಲ್ಲತೊಡಗಿದಳು.

ಕಕ್ಕಸಿನ ಡಬ್ಬಿಯನ್ನು ಹೊರಗಿನಿಂದ ಎಳೆದು ತೆಗೆದು, ಊರೂರಲ್ಲೂ ಇರುವ ಡಂಪ್ ಸ್ಟೇಷನ್ನಿಗೆ ಒಯ್ದು ಬರಿದುಮಾಡಬೇಕು. ಈ ಕೆಲಸ ನನ್ನ ಗಂಡನ ಪಾಲಿಗೆ ಬಂತು. ಹಿಂದೆ ಹಿಂದೆ ಮೂಗು ಮುಚ್ಚಿಕೊಂಡು ಕುಣಿಯುತ್ತ ಹೋಗುವ ಕೆಲಸ ಮಗನದ್ದು. ಹೊಲಸು ಅನ್ನಿಸಿದರೂ ಇದರ ಮೇಲೆಯೇ ಅಲ್ಲಿನ ಅಲೆಮಾರಿ ಸ್ವಾತಂತ್ರ್ಯ ನಿಂತಿದೆ. ಕ್ಯಾಂಪ್‌ಸೈಟಿಗೆ ಹಣ ಕೊಡದೆ ಕೆರೆಯಂಚಲ್ಲೋ ಕಡಲಂಚಲ್ಲೋ ರಾತ್ರಿ ತಂಗಲು 2011ರ ಕಾನೂನು ಅವಕಾಶ ಕೊಡುತ್ತದೆ. ಆದರೆ ಗಾಡಿಯೊಳಗೆ ಕಕ್ಕಸು ಗಟ್ಟಿಯಾಗಿ ಕೂಡಿಸಿದ್ದೇ ಆಗಿರಬೇಕೆಂದು 2023ರಲ್ಲಿ ನಿಯಮ ಬಿಗಿಯಾಯಿತು. ಅದಕ್ಕೆ ಸಾಕ್ಷಿಯಾಗಿ ಹಸಿರು ಚೀಟಿ ಅಂಟಿಸಿಕೊಂಡ ಗಾಡಿಗಷ್ಟೇ ಬಹುತೇಕ ಕಡೆ ಪ್ರವೇಶ.

ದಾರಿಯ ಯೋಜನೆಯನ್ನು ಗೂಗಲ್ ಹೇಳಿದ ಗಂಟೆಗಳಿಗೆ ಒಪ್ಪಿಸಲಿಲ್ಲ. ಅದು ಎರಡು ಗಂಟೆ ಎಂದ ದಾರಿಗೆ ನಮ್ಮ ಪುಸ್ತಕದಲ್ಲಿ ಅರ್ಧ ದಿನ. ಮೂರೂವರೆ ಟನ್ ಮೀರಿದ ಗಾಡಿಗಳು ಅಲ್ಲಿ 90 ಕಿಲೋಮೀಟರ್ ವೇಗ ದಾಟುವಂತಿಲ್ಲ. ಜತೆಗೆ ಒಂದೇ ಗಾಡಿ ಹಿಡಿಸುವ ಸೇತುವೆಗಳು. ಹೆದ್ದಾರಿಯೇ ಹಠಾತ್ತನೆ ಕಿರಿದಾಗಿ ಒಂದು ಸಾಲಾಗುತ್ತದೆ. ಫಲಕದಲ್ಲಿ ಎರಡು ಬಾಣಗಳು, ನಮ್ಮ ಕಡೆಯದು ಸಣ್ಣ ಕೆಂಪು ಬಾಣವಾದರೆ ನಾವು ನಿಲ್ಲಬೇಕು. ಪೊಲೀಸರಿಲ್ಲ, ಸಿಗ್ನಲ್ಲಿಲ್ಲ. ಆದರೂ ಎದುರಿನವನು ದಾಟುವವರೆಗೆ ಕಾಯುತ್ತಾರೆ, ದಾಟಿದವನು ಕೈಯೆತ್ತಿ ಹೋಗುತ್ತಾನೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಪಳಗಿದ ನನ್ನ ಗಂಡನಿಗೆ ಹಿಮಪರ್ವತಕ್ಕಿಂತ ಹೆಚ್ಚು ಬೆರಗು ಹುಟ್ಟಿಸಿದ್ದು ಇದೇ.

ಓಮರು ಊರಿನ ಕಡಲಂಚಿನಲ್ಲಿ ಹಿಂದೊಮ್ಮೆ ಕಲ್ಲುಕ್ವಾರಿಯಾಗಿದ್ದ ಜಾಗವೊಂದು ಈಗ ಪೆಂಗ್ವಿನ್‌ಗಳ ವಸತಿ. ಜಗತ್ತಿನ ಅತ್ಯಂತ ಚಿಕ್ಕ ಪೆಂಗ್ವಿನ್ ಇದು, ತೂಕ ಒಂದು ಕಿಲೋ ಆಸುಪಾಸು. ಮಾವೊರಿಗಳು ಕೊರೊರಾ ಎನ್ನುತ್ತಾರೆ. ಏಪ್ರಿಲ್‌ನಲ್ಲಿ ಬೇಸಿಗೆಯಷ್ಟು ಬರುವುದಿಲ್ಲ. ಆದರೆ ಊಟದ ಹೊತ್ತಿಗೇ ಬರುತ್ತವೆ! ಫೋಟೋ ತೆಗೆಯುವಂತಿಲ್ಲ, ಹಾಗಾಗಿ ಎಲ್ಲರ ಕೈಯೂ ಖಾಲಿ, ಎಲ್ಲರ ಕಣ್ಣೂ ನೀರಿನ ಮೇಲೆ. ಅಲೆಯೊಂದು ಕಲ್ಲುಗಳ ಮೇಲೆ ಒಂದಷ್ಟು ಕಪ್ಪು ಮುದ್ದೆಗಳನ್ನು ಚೆಲ್ಲಿ ಹಿಂದೆ ಸರಿಯಿತು. ಮುದ್ದೆಗಳು ಎದ್ದು ನಿಂತವು, ಮೈ ಕೊಡವಿದವು, ಒಂದನ್ನೊಂದು ಕಾದು, ಗುಂಪಾಗಿ ಏರು ಹತ್ತಿದವು. ದಿನವಿಡೀ ಕಡಲಲ್ಲಿ ಮೀನು ಹಿಡಿದು ಮನೆಗೆ ಮರಳುವ ಮಂದಿ. ಮಗ ನನ್ನ ಕಿವಿಯಲ್ಲಿ, ‘ಇವಕ್ಕೆ ಯಾರೂ ಬಾಗಿಲು ತೆಗೆಯಲ್ವಾ?’ ಎಂದ.

ಅಲ್ಲಿಂದ ವೈಟಾಕಿ ಕಣಿವೆ ಹಿಡಿದು ಒಳನಾಡಿಗೆ ಹೊರಳಿ ಟೆಕಾಪೋ ಕೆರೆ ಸೇರಿದೆವು. ಆ ಸೀಮೆಯ 4,300 ಚದರ ಕಿಲೋಮೀಟರಿಗೂ ಹೆಚ್ಚು ಪ್ರದೇಶ 2012ರಿಂದ ಕತ್ತಲೆಯ ಮೀಸಲು ಪ್ರದೇಶ. ಬೀದಿದೀಪಗಳಿಗೆಲ್ಲ ಮುಸುಕು, ಬೆಳಕು ನೆಲಕ್ಕೆ ಮಾತ್ರ. ಅಡುಗೆ ಮುಗಿಸಿ, ಗಾಡಿಯ ದೀಪ ಆರಿಸಿ, ಮಕ್ಕಳನ್ನು ರಜಾಯಿಯಲ್ಲಿ ಸುತ್ತಿಕೊಂಡು ಹೊರಗೆ ಕಾಲಿಟ್ಟೆವು. ನಾನು ಸಿದ್ಧಳಾಗಿಯೇ ಬಂದಿದ್ದೆ, ಓದಿಕೊಂಡಿದ್ದೆ. ಆದರೂ ಕತ್ತೆತ್ತಿದೊಡನೆ ಕಾಲು ತಡವರಿಸಿತು. ಇಷ್ಟೊಂದು ಚುಕ್ಕಿಗಳಿರುವಾಗ ಕತ್ತಲು ಅನ್ನುವುದಾದರೂ ಹೇಗೆ? ವಾಯವ್ಯದಲ್ಲಿ ನಮ್ಮ ಪರಿಚಿತ ಮಹಾವ್ಯಾಧ ತಲೆಕೆಳಗಾಗಿ ಬಿದ್ದಿದ್ದ. ದಕ್ಷಿಣದಲ್ಲಿ ಗಾಳಿಗೆ ಅಲುಗದ ಎರಡು ಬಿಳಿ ಮೋಡದ ತುಣುಕುಗಳು: ಮೆಜೆಲನ್ ಮೋಡಗಳು, ಒಂದೊಂದೂ ಒಂದು ಬ್ರಹ್ಮಾಂಡ. ದೊಡ್ಡದರ ಬೆಳಕು ನಮ್ಮ ಕಣ್ಣಿಗೆ ಬೀಳಲು ಒಂದೂವರೆ ಲಕ್ಷ ವರ್ಷಕ್ಕೂ ಮಿಕ್ಕಿ ಪಯಣಿಸಿದೆ.

ಅದರಾಚೆ, ಆಗ್ನೇಯದಲ್ಲಿ, ಎತ್ತರದಲ್ಲಿ ತ್ರಿಶಂಕು. ಬೆಂಗಳೂರಿನಿಂದಲೂ ಬೇಸಿಗೆಯಲ್ಲಿ ಈ ನಕ್ಷತ್ರಪುಂಜ ಕಾಣುತ್ತದೆ, ಆದರೆ ದಕ್ಷಿಣದ ದಿಗಂತದಿಂದ ಇಪ್ಪತ್ತು ಡಿಗ್ರಿಗಿಂತ ಮೇಲೇರಲಾರದು. ಕಟ್ಟಡ, ಧೂಳು, ದೀಪಗಳ ನಡುವೆ ಸಿಕ್ಕರೆ ಪುಣ್ಯ. ಟೆಕಾಪೋದಲ್ಲಿ ಅದು ಮುಳುಗುವುದೇ ಇಲ್ಲ, ವರ್ಷವಿಡೀ ಆಕಾಶದಲ್ಲೇ ಸುತ್ತುತ್ತಿರುತ್ತದೆ. ಮಕ್ಕಳಿಗೆ ಅಲ್ಲೇ ಕತೆ ಹೇಳಿದೆ. ದೇಹಸಮೇತ ಸ್ವರ್ಗಕ್ಕೆ ಹೋಗಬೇಕೆಂದ ರಾಜ, ಹತ್ತಿಸಿದ ವಿಶ್ವಾಮಿತ್ರ, ದೂಡಿದ ಇಂದ್ರ, ಕೊನೆಗೆ ನಡುವೆಯೇ ತಲೆಕೆಳಗಾಗಿ ನಿಂತದ್ದು. ನಮ್ಮೂರಲ್ಲಿ ನೆಲ ಕಚ್ಚಿಕೊಂಡಂತಿರುವ ಬಡಪಾಯಿಗೆ ಇಲ್ಲಿ ಸ್ವರ್ಗ ಸಿಕ್ಕಿಯೇಬಿಟ್ಟಿದೆ ಎನ್ನಿಸಿ ನನಗೆ ನಗು ಬಂತು.

ಮರುದಿನ ಪುಕಾಕಿ ಕೆರೆ. ಹಿಮನದಿಗಳು ಅರೆದ ಬಂಡೆಯ ನುಣ್ಣನೆಯ ಹಿಟ್ಟು ನೀರಿನಲ್ಲಿ ತೇಲಿ ಬೆಳಕನ್ನು ಚದುರಿಸುವುದರಿಂದ ಅದಕ್ಕೆ ಆ ಹಾಲುಮಿಶ್ರಿತ ನೀಲಿ. ಕೆರೆಯ ತುದಿಗೆ 3,724 ಮೀಟರ್ ಎತ್ತರದ ಅಯೊರಾಕಿ ಪರ್ವತ. ಅಯೊರಾಕಿ ಮತ್ತು ಅವನ ತಮ್ಮಂದಿರು ದೋಣಿಯಲ್ಲಿ ಆಕಾಶದಿಂದ ಇಳಿದು ಬಂದರಂತೆ, ಮರಳಿ ಮೇಲೇರುವ ಮಂತ್ರ ತಪ್ಪಿಹೋಯಿತಂತೆ, ದೋಣಿ ವಾಲಿ ನಿಂತು ಅದೇ ಈ ದ್ವೀಪವಾಯಿತು, ಅಣ್ಣತಮ್ಮಂದಿರು ಕಲ್ಲಾಗಿ ಬೆಟ್ಟಗಳಾದರು. ಅಲ್ಲಿನ ನಾಯ್ ತಾಹು ಜನರ ಈ ಕತೆಯನ್ನು ಹೇಳಿ ಮುಗಿಸುವುದರೊಳಗೆ ಮಗಳು ಕೇಳಿದಳು: ‘ಅಮ್ಮಾ, ಇವನಿಗೂ ತ್ರಿಶಂಕುಗೂ ಪರಿಚಯ ಇದ್ಯಾ?’ ಇರಬೇಕು ಎಂದೆ. ಇಲ್ಲ ಎನ್ನಲು ನನ್ನ ಹತ್ತಿರ ಕಾರಣವಿರಲಿಲ್ಲ.

ಲಿಂಡಿಸ್ ಪಾಸ್, ವಾನಾಕಾ, ಹಳದಿಯಾದ ಪಾಪ್ಲರ್ ಮರಗಳ ಸಾಲು. ಅವೆಲ್ಲ ಚಂದವೇ, ಚಿತ್ರಗಳಲ್ಲಿ ನೋಡಿದ ಹಾಗೆಯೇ ಇವೆ. ಬೆಟ್ಟಗಳ ನಡುವೆ ಕಡಲು ಒಳನುಗ್ಗಿದ ಮಿಲ್ಫರ್ಡ್ ಸೌಂಡ್ ಹಾಗಲ್ಲ. ಟೆ ಆನೌ ಊರಿನಿಂದ ಸುಮಾರು 120 ಕಿಲೋಮೀಟರ್ ದಾರಿ. ಕೊನೆಯಲ್ಲಿ ಹೋಮರ್ ಸುರಂಗ: 1935ರಲ್ಲಿ ಐದು ಜನ ಪಿಕಾಸಿ, ತಳ್ಳುಗಾಡಿ ಹಿಡಿದು ಶುರುಮಾಡಿದ ಕೆಲಸ, ವಾಹನಗಳಿಗೆ ತೆರೆದದ್ದು 1954ರಲ್ಲಿ. ಸುರಂಗದ ಬಾಯಲ್ಲಿ ಕಾಯುತ್ತ ನಿಂತಾಗ ಕಿಯಾ ಎಂಬ ಬೆಟ್ಟದ ಗಿಳಿಯೊಂದು ನಮ್ಮ ಬಾನೆಟ್ಟಿನ ಮೇಲಿಳಿದು, ವೈಪರಿನ ರಬ್ಬರನ್ನು ಕಿತ್ತು ರುಚಿ ನೋಡತೊಡಗಿತು. ಮಕ್ಕಳ ಕೇಕೆಗೆ ಅದು ಕಿವಿಯನ್ನೂ ಕೊಡಲಿಲ್ಲ.

ಈ ದಾರಿ ಮಳೆ, ಹಿಮಪಾತದ ಭಯಕ್ಕೆ ಆಗಾಗ ಮುಚ್ಚುತ್ತದೆಂದು ಇಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡಿದ್ದೆವು. ಮಳೆ ಬಂತು, ದಾರಿ ಮುಚ್ಚಲಿಲ್ಲ. ವರ್ಷಕ್ಕೆ 6,000 ಮಿಲಿಮೀಟರಿಗೂ ಮೀರಿ ಸುರಿಯುವ ಜಾಗ. ಗಂಡ ತೀರ್ಥಹಳ್ಳಿ ಕಡೆಯವನು. ‘ನಮ್ಮ ಆಗುಂಬೇಲಿ ನಾಲ್ಕೇ ತಿಂಗಳಲ್ಲಿ ಇದಕ್ಕಿಂತ ಜಾಸ್ತಿ ಹೊಡೆಯುತ್ತೆ’ ಎಂದು ದೋಣಿ ಹತ್ತುವವರೆಗೂ ಜಂಬ ಕೊಚ್ಚಿದ. ಹತ್ತಿದ ಮೇಲೆ ಮಾತಿಲ್ಲ. ಕಡಲಿನಿಂದ ನೇರ ಎದ್ದು ನಿಂತ ಬಂಡೆಗೋಡೆಗಳ ಮೇಲೆ ಮಣ್ಣೇ ಇಲ್ಲ. ಮರಗಳು ಪಾಚಿಯಲ್ಲಿ ಒಂದರ ಬೇರಿಗೊಂದು ಬೇರು ಹೆಣೆದುಕೊಂಡು ನಿಂತಿವೆ. ಹೀರಿಕೊಳ್ಳುವ ನೆಲವಿಲ್ಲದ್ದರಿಂದ ಬಿದ್ದ ಮಳೆಯೆಲ್ಲ ಜಲಪಾತ. ಎಣಿಸಲು ಹೊರಟ ಮಗಳು ಐವತ್ತಕ್ಕೆ ಕೈಬಿಟ್ಟಳು. ಕಾಡಿನ ಎಲೆ ತೊಳೆದು ಬಂದ ಸಿಹಿನೀರು ಚಹಾದ ಡಿಕಾಕ್ಷನ್ನಿನಂತೆ ಉಪ್ಪುನೀರಿನ ಮೇಲೆ ಬೇರೆಯೇ ಪದರವಾಗಿ ತೇಲುತ್ತದೆ. ಅದು ಬೆಳಕನ್ನು ತಡೆಯುವುದರಿಂದ, ಆಳ ಕಡಲಲ್ಲಿ ಬೆಳೆಯಬೇಕಾದ ಕಪ್ಪು ಹವಳ ಇಲ್ಲಿ ಹತ್ತು ಮೀಟರ್ ಕೆಳಗೇ ಬೆಳೆಯುತ್ತದೆ. ಸ್ಟರ್ಲಿಂಗ್ ಜಲಪಾತದ ತುಂತುರಿನಡಿಗೆ ದೋಣಿ ಮೂಗು ತೂರಿಸಿದಾಗ ನೀರಿನ ಮಂತ್ರಿ ಕೂಗಿದಳು: ‘ಅಪ್ಪಾ, ನಮ್ಮ ಟ್ಯಾಂಕು ಇಲ್ಲೇ ತುಂಬಿಸ್ಕೊಂಡು ಹೋಗೋಣ!’

ಬೆಳಗ್ಗೆ ಎದ್ದರೆ ಆಕಾಶ ನಿಚ್ಚಳ. 1,692 ಮೀಟರಿನ ಮೈಟರ್ ಶಿಖರ ಬುಡದಿಂದ ತುದಿಯವರೆಗೆ ಕಾಣುತ್ತಿತ್ತು. ಜಲಪಾತಗಳು ಮಾತ್ರ ಮಾಯ. ವರ್ಷವಿಡೀ ಧುಮುಕುವ ಬೋವೆನ್ ಒಂದೇ ದಡದಿಂದ ಕಂಡಿತು. ‘ನಲ್ಲಿ ಯಾರು ನಿಲ್ಲಿಸಿದ್ರು?’ ಎಂದು ಮಗ ರಂಪ ತೆಗೆದ. ಸಮಾಧಾನಕ್ಕೆ ಅಲ್ಲೇ ಕಲ್ಲಿನ ಮೇಲೆ ಅವಲಕ್ಕಿ ಬಡಿಸಲು ಕೂತೆ. ಮಳೆ ನಿಂತದ್ದೇ ತಡ, ಕಚ್ಚುವ ಮರಳುನೊಣಗಳು ಮುತ್ತಿದವು. ಈ ಕಣಿವೆ ಎಷ್ಟು ಚೆಲುವಾಗಿದೆಯೆಂದರೆ ಬಂದ ಮನುಷ್ಯರು ಇಲ್ಲೇ ಉಳಿದುಬಿಟ್ಟಾರೆಂದು ಹೆದರಿ, ಮಾವೊರಿಗಳ ದೇವಿ ಹಿನೆನುಯಿತೆಪೊ ತಾನೇ ಇವುಗಳನ್ನು ಬಿಟ್ಟಳಂತೆ. ಅವಳ ಉಪಾಯ ಇಂದಿಗೂ ಕೆಲಸ ಮಾಡುತ್ತದೆ. ಐದು ನಿಮಿಷದೊಳಗೆ ಅವಲಕ್ಕಿ ಬಟ್ಟಲು ಸಮೇತ ನಾವು ಗಾಡಿಯೊಳಗಿದ್ದೆವು, ಬಾಗಿಲು ಹಾಕಿಯಾಗಿತ್ತು, ಗಂಡ ಎಂಜಿನ್ ಶುರುಮಾಡಿದ್ದ.