ನೀಲಿ ಬೆಂಕಿಯ ಬೆಟ್ಟದಲ್ಲಿ ಒಂದು ರಾತ್ರಿ

ಜ್ವಾಲಾಮುಖಿ ಎಂದೊಡನೆ ಕೆಂಪಗೆ ಹರಿಯುವ ಲಾವಾರಸವೇ ನಮ್ಮ ಕಣ್ಣ ಮುಂದೆ ಬರುತ್ತದೆ. ಆದರೆ ಇಂಡೋನೇಷ್ಯಾದ ಜಾವಾ ದ್ವೀಪದ ಪೂರ್ವ ತುದಿಯಲ್ಲಿರುವ ಕಾವಾ ಇಜೆನ್‌ನಲ್ಲಿ ಉರಿಯುವುದು ನೀಲಿ ಬೆಂಕಿ. ಹಗಲಿನ ಬೆಳಕಿನಲ್ಲಿ ಅದು ಕಣ್ಣಿಗೆ ಬೀಳದು. ಆದ್ದರಿಂದ ಇಲ್ಲಿಗೆ ಬರುವವರು ನಿದ್ದೆಗೆಟ್ಟು ಕತ್ತಲಲ್ಲೇ ಬೆಟ್ಟ ಹತ್ತುತ್ತಾರೆ.

ಬನ್ಯುವಾಂಗಿ ಪಟ್ಟಣದಿಂದ ನಡುರಾತ್ರಿ ಹೊರಟ ಪತಿ, ನಾದಿನಿ ಮತ್ತು ನಾನು ಸುಮಾರು 1,850 ಮೀಟರ್ ಎತ್ತರದ ಪಾಲ್ಟುಡಿಂಗ್ ತಲುಪಿದೆವು. ಅಲ್ಲಿಂದ ಮೂರು ಕಿ.ಮೀ. ಕಡಿದಾದ ಏರು. ಮೈ ಕೊರೆಯುವ ಚಳಿ. ನಡೆಯಲಾಗದವರನ್ನು ಕೈಗಾಡಿಯಲ್ಲಿ ಕೂರಿಸಿ ಎಳೆದೊಯ್ಯುವವರು "ಟ್ಯಾಕ್ಸಿ, ಟ್ಯಾಕ್ಸಿ" ಎಂದು ಕೂಗುತ್ತಿದ್ದರು. ಅವರಲ್ಲಿ ಹಲವರು ಹಿಂದೆ ಗಂಧಕ ಹೊರುತ್ತಿದ್ದವರು.

ಕುಳಿಯ ಅಂಚು ತಲುಪುವಷ್ಟರಲ್ಲಿ ಗಂಧಕದ ಘಾಟು ಮೂಗಿಗೆ ಅಡರಿತು. ನಾದಿನಿಗೆ ಉಬ್ಬಸವಿದೆ. "ತಂಗಿ ಇಲ್ಲೇ ಇರಲಿ" ಎಂದು ಮಾರ್ಗದರ್ಶಿ ಖಡಾಖಂಡಿತವಾಗಿ ಹೇಳಿದ. ಇಷ್ಟು ದೂರ ಬಂದೂ ನೋಡಲಾಗಲಿಲ್ಲವಲ್ಲ ಎಂದು ಅವಳ ಮುಖ ಸಪ್ಪೆಯಾಯಿತು. ಪತಿ ಅವಳೊಂದಿಗೆ ಉಳಿದರು. ನಾನು ಮುಖವಾಡ ಧರಿಸಿ ಕೆಳಗಿಳಿದೆ.

ಕಲ್ಲುಗಳ ನಡುವೆ ಇನ್ನೂರು ಮೀಟರಿಗೂ ಹೆಚ್ಚು ಆಳಕ್ಕಿಳಿದ ಮೇಲೆ ಆ ದೃಶ್ಯ ಕಂಡಿತು. ಬಂಡೆಯ ಬಿರುಕುಗಳಿಂದ ನೀಲಿ ಜ್ವಾಲೆಗಳು ಸದ್ದಿಲ್ಲದೆ ಏಳುತ್ತಿದ್ದವು. ಭೂಮಿಯೊಳಗಿಂದ ಬರುವ ಬಿಸಿ ಗಂಧಕದ ಅನಿಲ ಗಾಳಿ ತಗಲಿದೊಡನೆ ಹೊತ್ತಿಕೊಳ್ಳುವುದೇ ಈ ಬೆಂಕಿ. ಅದೇ ಅನಿಲವನ್ನು ಕೊಳವೆಗಳಲ್ಲಿ ಹಾಯಿಸಿ ತಣಿಸುತ್ತಾರೆ. ಕೆಂಪು ದ್ರವವಾಗಿ ತೊಟ್ಟಿಕ್ಕುವ ಗಂಧಕ ಆರಿದಾಗ ಹಳದಿ ಗಟ್ಟಿಯಾಗುತ್ತದೆ.

ಇದ್ದಕ್ಕಿದ್ದಂತೆ ಗಾಳಿ ತಿರುಗಿತು. ದಟ್ಟ ಹೊಗೆ ನಮ್ಮನ್ನು ಮುಚ್ಚಿತು. ಕಣ್ಣು ಉರಿದು ನೀರಾಡಿತು, ಮುಖವಾಡವಿದ್ದರೂ ಕೆಮ್ಮು ನಿಲ್ಲಲಿಲ್ಲ. ಒಬ್ಬ ಕಾರ್ಮಿಕ ನನ್ನ ಮುಂದೆ ಬಂದು, ಕುಳಿತು ಬೆನ್ನು ತಿರುಗಿಸುವಂತೆ ಸನ್ನೆ ಮಾಡಿದ. ಹೊಗೆ ಸರಿದಾಗ ನೋಡುತ್ತೇನೆ, ಅವನ ಬಾಯಿಗೆ ಕೇವಲ ಒದ್ದೆ ಬಟ್ಟೆ! ಎರಡು ಬಿದಿರಿನ ಬುಟ್ಟಿಗಳ ಅಡ್ಡೆಯನ್ನು ಹೆಗಲಿಗೇರಿಸಿ ಆತ ಮೇಲೇರತೊಡಗಿದ. ಇಲ್ಲಿನವರು ಒಮ್ಮೆಗೆ 70ರಿಂದ 90 ಕಿಲೋ ಹೊರುತ್ತಾರೆ. ಸಕ್ಕರೆಯನ್ನು ಬೆಳ್ಳಗಾಗಿಸಲು, ರಬ್ಬರನ್ನು ಗಟ್ಟಿಗೊಳಿಸಲು ಬಳಕೆಯಾಗುವುದು ಗಂಧಕವೇ. ನಮ್ಮ ಚಹಾಕ್ಕೆ ಬೀಳುವ ಒಂದು ಚಮಚ ಬಿಳುಪಿನ ಹಿಂದೆ ಎಂಥ ದುಡಿಮೆ ಇರಬಹುದೆಂದು ನಾವೆಂದೂ ಯೋಚಿಸುವುದಿಲ್ಲ.

ಬೆಳಕು ಹರಿಯುವ ಮುನ್ನ ಮೇಲೆ ಬಂದು, ಶಾಲು ಹಾಸಿ ಫಜ್ರ್ ನಮಾಝ್ ನಿರ್ವಹಿಸಿದೆವು. ಪಕ್ಕದಲ್ಲಿ ಇಬ್ಬರು ಕಾರ್ಮಿಕರೂ ಬುಟ್ಟಿ ಇಳಿಸಿ ನಮಾಝ್‌ಗೆ ನಿಂತರು. ಬಳಿಕ ಸಲಾಮ್ ಹೇಳಿ ನಕ್ಕು ಹೊರಟರು. ಅಷ್ಟರಲ್ಲಿ ಕೆಳಗೆ ಹಸಿರು-ನೀಲಿ ಸರೋವರ ಮೆಲ್ಲಗೆ ಗೋಚರಿಸಿತು. ನಾದಿನಿ ಕಣ್ಣರಳಿಸಿ ನೋಡಿದಳು. ಎಷ್ಟೊಂದು ಸುಂದರ! ಆದರೆ ಅದು ಬರೀ ನೀರಲ್ಲ, ಲೋಹಗಳನ್ನೇ ಕರಗಿಸುವಷ್ಟು ತೀವ್ರವಾದ ಆಮ್ಲ ಬೆರೆತ ನೀರು. ತೀವ್ರ ಆಮ್ಲೀಯವಾದ ಜ್ವಾಲಾಮುಖಿ ಕುಳಿ ಸರೋವರಗಳಲ್ಲಿ ಜಗತ್ತಿನಲ್ಲೇ ಅತಿ ದೊಡ್ಡದಿದು.

ಇಜೆನ್ ಇಂದಿಗೂ ಜೀವಂತ ಜ್ವಾಲಾಮುಖಿ. 2018ರ ಮಾರ್ಚ್‌ನಲ್ಲಿ ಇಲ್ಲಿಂದ ಹೊಮ್ಮಿದ ವಿಷಾನಿಲದಿಂದ ಹತ್ತಾರು ಗ್ರಾಮಸ್ಥರು ಆಸ್ಪತ್ರೆ ಸೇರಿದ್ದರು. 2024ರ ಏಪ್ರಿಲ್‌ನಲ್ಲಿ ಫೋಟೊ ತೆಗೆಸಿಕೊಳ್ಳುತ್ತಿದ್ದ ಪ್ರವಾಸಿ ಮಹಿಳೆಯೊಬ್ಬರು ಅಂಚಿನಿಂದ ಬಿದ್ದು ಮೃತಪಟ್ಟರು. ಕುಳಿಗೆ ಇಳಿಯುವುದನ್ನು ಆಗಾಗ ನಿಷೇಧಿಸುವುದೂ ಉಂಟು.

ಹೋಗುವ ಸಹೋದರಿಯರು ಮೊದಲೇ ವಿಚಾರಿಸಿಕೊಳ್ಳಿ. ಉಬ್ಬಸ, ಹೃದ್ರೋಗ ಇರುವವರು, ಗರ್ಭಿಣಿಯರು, ಪುಟ್ಟ ಮಕ್ಕಳು ಕೆಳಗಿಳಿಯಲೇಬಾರದು. ಹಿಡಿತವಿರುವ ಬೂಟು, ಟಾರ್ಚ್, ಒಳ್ಳೆಯ ಮುಖವಾಡ ಜೊತೆಗಿರಲಿ. ಕಿರಿದಾದ ದಾರಿಯಲ್ಲಿ ಹೊರೆ ಹೊತ್ತು ಬರುವವರಿಗೆ ಮೊದಲು ದಾರಿ ಬಿಡಿ, ಕೇಳದೆ ಅವರ ಚಿತ್ರ ತೆಗೆಯಬೇಡಿ. ನಮಗೆ ಅದು ಒಂದು ರಾತ್ರಿಯ ವಿಸ್ಮಯ. ಅವರಿಗೆ ಅದು ಮಕ್ಕಳ ಅನ್ನ.