ಕವಲೂ ಮೂಲವೂ

ಮಲೆಯ ಮಹದೇಶ್ವರನ ಕಥೆಯನ್ನು ಕಂಸಾಳೆ ಹಿಡಿದು ಹಾಡುವ ದೇವರಗುಡ್ಡರು ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯವರಿಗೆ ಹೊಸಬರಲ್ಲ. ಕೆಲವು ವರ್ಷಗಳ ಹಿಂದೆ, ಈ ಮೂರು ಊರುಗಳ ಮೂವರು ಮಿತ್ರರು ಕೂಡಿ, ವೃದ್ಧ ಗಾಯಕರೊಬ್ಬರು ಹೇಳುತ್ತಿದ್ದ ಸಂಕಮ್ಮನ ಸಾಲನ್ನು ಕಂಪ್ಯೂಟರಿನಲ್ಲಿ ಬರೆದಿಡಲು ತೊಡಗಿದೆವು. ಧ್ವನಿಮುದ್ರಣಕ್ಕೆ ಅವರು ಒಪ್ಪಿರಲಿಲ್ಲ. ಕಡತ ಒಂದು, ಕೈಗಳು ಮೂರು. ಒಂದು ರಾತ್ರಿ ನಾನು ನನ್ನಲ್ಲಿದ್ದ ಹಳೆಯ ಪ್ರತಿಯನ್ನು ತಿದ್ದಿ ಹೊಸದರ ಮೇಲೆಯೇ ಇರಿಸಿಬಿಟ್ಟೆನು. ಹನೂರಿನ ಮಿತ್ರರು ವಾರವೆಲ್ಲ ಕುಳಿತು ಬರೆದಿದ್ದ ಭಾಗವು ಅಳಿದುಹೋಯಿತು. ಮರಳಿ ಕೇಳೋಣವೆಂದು ಹೋಗುವಷ್ಟರಲ್ಲಿ ಆ ಹಿರಿಯರು ತೀರಿಕೊಂಡಿದ್ದರು. ಮಿತ್ರರು ಒಂದು ಮಾತನ್ನೂ ಆಡಲಿಲ್ಲ. ನನಗೆ ಅದೇ ಹೆಚ್ಚಿನ ನೋವಾಯಿತು.

ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸದಲ್ಲಿರುವ ನನ್ನ ತಂಗಿಯ ಮಗನು ಇದನ್ನು ಕೇಳಿ, "ಮಾವ, ನಿಮ್ಮ ಕಷ್ಟವೇ ನಮ್ಮದೂ. ಅದಕ್ಕೆಂದೇ ಗಿಟ್ ಇದೆ" ಎಂದನು. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬವರು ಲಿನಕ್ಸ್ ಕಟ್ಟುವ ಬಹುಜನರ ಉಪಯೋಗಕ್ಕಾಗಿ ಅದನ್ನು ರಚಿಸಿದರು. ದಾಖಲಾದ ಹಿಂದಿನ ಹಂತಗಳು ಅದರಲ್ಲಿ ಉಳಿದಿರುತ್ತವೆ. ಪ್ರತಿಯೊಬ್ಬನೂ ಮೂಲವನ್ನು ಮುಟ್ಟದೆ ತನ್ನದೊಂದು ಕವಲಿನಲ್ಲಿ ಕೆಲಸ ಮಾಡುತ್ತಾನೆ. ಕವಲೆಂದರೆ ಕಡತಗಳ ಮತ್ತೊಂದು ರಾಶಿಯಲ್ಲ. ಕಡೆಯದಾಗಿ ದಾಖಲಾದ ಹಂತವನ್ನು ತೋರುವ, ಸಾಮಾನ್ಯವಾಗಿ 40 ಅಕ್ಷರಗಳ, ಒಂದು ಗುರುತು ಮಾತ್ರ. ಆದುದರಿಂದಲೇ ಅದು ಅಷ್ಟು ಹಗುರ. ಕವಲು ಚಿಕ್ಕದಾಗಿರಬೇಕು, ಒಂದೆರಡು ದಿನಗಳಲ್ಲಿ ಮೂಲಕ್ಕೆ ಸೇರಬೇಕು, ಸೇರುವ ಮುನ್ನ ಇನ್ನೊಬ್ಬರು ಓದಿರಬೇಕು ಎಂಬುದು ಅವನ ತಂಡದ ನಿಯಮವಂತೆ. ಒಂದೇ ಪಂಕ್ತಿಯನ್ನು ಇಬ್ಬರು ಬೇರೆಬೇರೆಯಾಗಿ ತಿದ್ದಿದ್ದರೆ ಯಂತ್ರವು ತೀರ್ಪು ಹೇಳುವುದಿಲ್ಲ. ಎರಡನ್ನೂ ಮುಂದಿಟ್ಟು, ಮನುಷ್ಯನು ನಿರ್ಣಯಿಸಲೆಂದು ನಿಂತುಬಿಡುತ್ತದೆ.

ಈ ಕ್ರಮವನ್ನು ನಾವೂ ಹಿಡಿದೆವು, ಕೆಲಸ ಸುಗಮವಾಯಿತು. ಆಗ ಯಳಂದೂರಿನ ಮಿತ್ರರು ಒಂದು ಪ್ರಶ್ನೆಯನ್ನೆತ್ತಿದರು: ಬೇರೊಬ್ಬ ಗುಡ್ಡರು ಅದೇ ಕಥೆಯನ್ನು ಬೇರೆ ಮಾತುಗಳಲ್ಲಿ ಹಾಡಿದರೆ ಅದನ್ನೂ ಇದರೊಡನೆ ಸೇರಿಸಿ ಒಂದು ಮಾಡುವುದೆ? ಕೂಡದೆಂದು ಮೂವರೂ ಒಪ್ಪಿದೆವು. ನಮ್ಮ ಕೈತಪ್ಪುಗಳನ್ನು ತಿದ್ದುವ ಕವಲುಗಳು ಬೇಗನೆ ಮೂಲದಲ್ಲಿ ಲೀನವಾಗಲಿ. ಗಾಯಕರ ಪಾಠಾಂತರವಾದರೋ ತಪ್ಪಲ್ಲ. ಅದು ಅವರ ಗುರುಪರಂಪರೆಯ ಸ್ವತ್ತು. ಆದ್ದರಿಂದ ಒಬ್ಬೊಬ್ಬರ ಪಾಠಕ್ಕೂ ಮೂಲದಲ್ಲಿಯೇ ಬೇರೆ ಬೇರೆ ಕಡತವನ್ನಿಟ್ಟೆವು.

ಅಳಿದುಹೋದ ಭಾಗದ ಸ್ಥಳವನ್ನು ಖಾಲಿಯಾಗಿಯೇ ಬಿಟ್ಟಿದ್ದೇವೆ. ಇನ್ನೊಬ್ಬರ ಹಾಡಿನಿಂದ ಅದನ್ನು ತುಂಬಲು ಮನಸ್ಸು ಬರಲಿಲ್ಲ. ಗಿಟ್‌ನಲ್ಲಿ ಪ್ರತಿಯೊಂದು ಬದಲಾವಣೆಯ ಜೊತೆಗೂ ಮಾಡಿದವನ ಹೆಸರನ್ನೂ ಕಾರಣವನ್ನೂ ಬರೆಯುವ ಪದ್ಧತಿಯಿದೆ. ಆ ಖಾಲಿ ಸ್ಥಳದ ಎದುರಿಗೆ ಎರಡನ್ನೂ ನಾನೇ ಬರೆದೆನು.